ಹೆರಿಗೆ ವಾರ್ಡಿನ ನಷ್ಟ

ಆಳಂದದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಲೆಕ್ಕದ ಕೆಲಸಕ್ಕಿದ್ದೆ. ಮಾಲೀಕರಾದ ಡಾಕ್ಟರು ಒಮ್ಮೆ ಹೈದರಾಬಾದಿಗೆ ಯಾವುದೋ ತರಬೇತಿಗೆ ಹೋಗಿ ಬಂದರು. ಬಂದವರೇ, ಇನ್ನು ಮೇಲೆ ಪ್ರತಿ ವಾರ್ಡಿನ ಖರ್ಚು, ಗಳಿಕೆ ಬೇರೆ ಬೇರೆಯಾಗಿ ಕಾಣಬೇಕು ಎಂದು ಹಠ ಹಿಡಿದರು. ಔಷಧ, ಹತ್ತಿಯ ಖರ್ಚು ಯಾವ ವಾರ್ಡಿನದೆಂದು ಗೊತ್ತಾಗುತ್ತದೆ. ನೀರು, ಕರೆಂಟು, ಕಸ ಗುಡಿಸುವವರ ಪಗಾರ ಎಲ್ಲರಿಗೂ ಸೇರಿದ್ದು. ಅದನ್ನು ಹಂಚುವುದು ಹೇಗೆ? ನಾನು ಭಾರೀ ಜಾಣೆಯಂತೆ, ಯಾವ ವಾರ್ಡಿನಲ್ಲಿ ಎಷ್ಟು ಜನವೋ ಅದಕ್ಕೆ ಅಷ್ಟು ಪಾಲು ಎಂದೆ. ಡಾಕ್ಟರು ತಲೆದೂಗಿದರು.

ನಮ್ಮ ಕಡೆಯ ಹೆರಿಗೆ ಎಂಥದೆಂಬುದೇ ನನಗೆ ಮರೆತುಹೋಗಿತ್ತು. ಒಬ್ಬಳು ಹಡೆಯುವುದಕ್ಕೆ ತವರಿನವರು ಒಂದು ಟಂಟಂ ಆಟೊ, ಗಂಡನ ಮನೆಯವರು ಇನ್ನೊಂದು ಟಂಟಂ ತುಂಬಿಕೊಂಡು ಬರುತ್ತಾರೆ. ಬಾರದೆ ಉಳಿದರೆ ಬೀಗರು ಮುನಿಸಿಕೊಳ್ಳುತ್ತಾರೆ. ಎರಡೂ ಕಡೆಯವರು ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿ ಕೂತರೆಂದರೆ ಕಾರಿಡಾರಿನಲ್ಲಿ ಕಾಲಿಡಲು ಜಾಗವಿಲ್ಲ. ನಾನು ನಿಯಮ ಬಿಡದೆ ಅವರನ್ನೆಲ್ಲ ಎಣಿಸಿದೆ. ತಿಂಗಳ ಕೊನೆಗೆ ನೋಡಿದರೆ, ಇಡೀ ಆಸ್ಪತ್ರೆಯ ನೀರು, ಕರೆಂಟನ್ನು ಹೆರಿಗೆ ವಾರ್ಡೊಂದೇ ನುಂಗಿ ಕೂತಿತ್ತು.

"ಹೆರಿಗಿ ವಾರ್ಡ್ ನಷ್ಟದಾಗ ಅದ. ಬಂದ್ ಮಾಡೋಣ್ರಿ," ಎಂದರು ಡಾಕ್ಟರು.

ನಮ್ಮನ್ನೇ ನಂಬಿ ತಿಂಗಳು ತಿಂಗಳು ತೋರಿಸಿಕೊಳ್ಳುತ್ತಿದ್ದ ಬಸುರಿಯರು ನೋವು ಶುರುವಾದ ಮೇಲೆ ಕಲಬುರಗಿ ದಾರಿ ಹಿಡಿಯಬೇಕೇ? ಡಾಕ್ಟರ ಮೇಲೆ ಸಿಟ್ಟು ಬಂತು. ನನ್ನ ಜಾಣತನದ ಮೇಲೆ ಇನ್ನೂ ಹೆಚ್ಚು ಬಂತು. "ಇನ್ನೊಂದ್ ತಿಂಗಳು ತಡೀರಿ ಸರ್, ಮತ್ತ ನೋಡ್ತೇನಿ," ಎಂದೆ.

ಮರುದಿನ, ಲೆಕ್ಕ ಎಲ್ಲಿ ತಪ್ಪಿತೆಂದು ನೋಡಲು, ಹೊರರೋಗಿಗಳಿಗೆ ಚೀಟಿ ಕೊಡುವ ಕಿಟಕಿಯ ಹತ್ತಿರ ನಿಂತೆ. ನರೋಣಾದ ಅಜ್ಜಿಯೊಬ್ಬಳು ಮೊಣಕಾಲು ತೋರಿಸಲು ಬಂದಿದ್ದಳು. ಯಾವಾಗಿನಿಂದ ನೋವು ಎಂದು ಕೇಳಿದೆ.

"ಭಾಳ ವರ್ಷ ಆತು ಯವ್ವಾ. ಮೊಮ್ಮಗಳು ಇಲ್ಲೇ ಹಡ್ಯಾಕತ್ತಾಳ. ಅಕಿ ಹಡಿಯೋತನಕ ಸುಮ್ನ ಕುಂತು ಏನ್ ಮಾಡ್ಲಿ?"

ಅವಳ ಹಿಂದೆ ಅವಳ ಬೀಗ, ಸಕ್ಕರೆ ಕಾಯಿಲೆ ತಪಾಸಣೆಗೆ. ಅವನ ಹಿಂದೆ ಬಸುರಿಯ ಸೋದರಮಾವ, ಸೋರುವ ಕಿವಿ ಹಿಡಿದುಕೊಂಡು. ಅವರು ಕೊಟ್ಟ ಫೀಸು, ರಕ್ತಪರೀಕ್ಷೆ, ಔಷಧದ ದುಡ್ಡೆಲ್ಲ ಬೇರೆ ವಿಭಾಗಗಳ ಗಳಿಕೆ. ಅವರು ಬಂದ ಖರ್ಚು ಮಾತ್ರ ಹೆರಿಗೆ ವಾರ್ಡಿನ ತಲೆಗೆ!

ಅಂದಿನಿಂದ ಚೀಟಿ ಬರೆಯುವಾಗ, ಹೆರಿಗೆಗೆ ಬಂದ ಬಳಗದವರೇ ಎಂದು ಕೇಳಿ, ಆ ಗಳಿಕೆಯನ್ನು ಹೆರಿಗೆ ವಾರ್ಡಿಗೆ ಸೇರಿಸುತ್ತ ಬಂದೆ. ತಿಂಗಳಾದ ಮೇಲೆ, ಹೆರಿಗೆ ವಾರ್ಡಿಗೆ ಲಾಭ ತೋರಿಸುವ ಹೊಸ ಲೆಕ್ಕವನ್ನು ಡಾಕ್ಟರ ಮುಂದಿಟ್ಟೆ. ಅವರು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. ವಾರ್ಡು ಉಳಿಯಿತೋ ಹೋಯಿತೋ ತಿಳಿಯದೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಅಷ್ಟರಲ್ಲಿ ಖಜೂರಿಯಿಂದ ಒಬ್ಬ ಬಸುರಿ ಬಂದಳು. ಜೊತೆಗೆ ಗಂಡ ಮತ್ತು ಅವ್ವ. ಡಾಕ್ಟರು ಎದ್ದು ಬಾಗಿಲಿಗೆ ಹೋಗಿ, ಅವಳನ್ನು ಹೆರಿಗೆ ವಾರ್ಡಿಗೆ ಕರೆದೊಯ್ಯಲು ನರ್ಸಿಗೆ ಹೇಳಿದರು. ಆಮೇಲೆ ಗಂಡನ ಕಡೆ ತಿರುಗಿ ಮುಖ ಸಣ್ಣದು ಮಾಡಿದರು.

"ಯಾಕೋ ತಮ್ಮಾ, ಇಬ್ಬರೇ ಬಂದೀರಿ? ಮನ್ಯಾಗ ಉಳದವ್ರಿಗೆ ಹೇಳಿಲ್ಲೇನು?"