ಬಿತ್ತನೆ ರಾಗಿಯ ಗುಡಾಣ

ಮೊನ್ನೆ ರಾಗಿ ಡಬ್ಬಿಗೆ ಹುಳು ಬೀಳದಿರಲೆಂದು ಒಣಗಿದ ಬೇವಿನ ಸೊಪ್ಪು ಹಾಕಿಟ್ಟಿದ್ದೆ. ಇವತ್ತು ಮುಚ್ಚಳ ತೆಗೆದಾಗ ಎದ್ದ ಆ ಕಹಿ ವಾಸನೆಯ ಜೊತೆ ಜಡಿಗೇನಹಳ್ಳಿಯ ನಮ್ಮ ಮನೆಯೇ ಎದ್ದು ಬಂತು: ಸಗಣಿ ಸಾರಿಸಿದ ಜಗಲಿ, ಅದರ ಮೇಲೆ ಅಮ್ಮ ಸತ್ಯವೇದ ಎನ್ನುತ್ತಿದ್ದ ಕನ್ನಡ ಬೈಬಲ್, ಅಡುಗೆಮನೆಯ ಮೂಲೆಯಲ್ಲಿ ಹಿಡಿ ಮಡಕೆ. ಆ ಮನೆ ಈಗಿಲ್ಲ, ಅಲ್ಲೊಂದು ಗೋಡೌನ್ ನಿಂತಿದೆ. ವಾಸನೆಯಲ್ಲಿ ಮಾತ್ರ ಉಳಿದಿರುವ ಇಂಥದೊಂದು ಮನೆ ನಿಮಗೂ ಇದ್ದೀತು.

ಅದು ಎರಡನೇ ಮಹಾಯುದ್ಧದ ಕಾಲ. ಅಪ್ಪ ಮಿಲಿಟರಿ ಆಸ್ಪತ್ರೆಗೆ ಕಾಂಪೌಂಡರ್ ಆಗಿ ಹೋಗಿದ್ದರು. ಸೀಮೆಎಣ್ಣೆಗೆ ರೇಷನ್ ಇದ್ದುದರಿಂದ ಅಮ್ಮ ಹೊತ್ತು ಮುಳುಗುವ ಮೊದಲೇ ರಜೆಗೆ ಬಂದ ನನ್ನನ್ನೂ ತಂಗಿಯರನ್ನೂ ಜಗಲಿಯಲ್ಲಿ ಕೂರಿಸಿ, ಒಬ್ಬೊಬ್ಬರಿಂದ ಸತ್ಯವೇದದ ಒಂದೊಂದು ವಚನ ಓದಿಸುತ್ತಿದ್ದಳು. ಓದುವ ಮುನ್ನ, ಮಾರನೆಯ ದಿನದ ಹಿಟ್ಟಿಗೆಂದು ತೆಗೆದಿಟ್ಟ ರಾಗಿಯಿಂದ ಪ್ರತಿಯೊಬ್ಬರೂ ಒಂದು ಹಿಡಿ ತೆಗೆದು ಹಿಡಿ ಮಡಕೆಗೆ ಹಾಕಬೇಕು. ಅದು ಇಲ್ಲದವರ ಪಾಲು. "ಮುಷ್ಟಿ ಬಿಗಿ ಮಾಡ್ಬೇಡ ಕಣೇ, ಕೈ ಅಗಲ ಮಾಡಿ ತೊಗೋ," ಎನ್ನುತ್ತಿದ್ದಳು. ನಾನು ಓದುತ್ತಿದ್ದ ಬೆಂಗಳೂರಿನ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಸಿಸ್ಟರ್‌ಗಳು ಕಲಿಸಿದ ಚಾರಿಟಿ ಎಂದರೆ ಹಳೆಯ ಫ್ರಾಕ್ ಇಸ್ತ್ರಿ ಮಾಡಿ ಕೊಡುವುದು. ಅಮ್ಮನದು ನಮ್ಮ ತಟ್ಟೆಯಿಂದಲೇ ಹೋಗುತ್ತಿತ್ತು.

ನನಗೆ ಒಂಬತ್ತು ವರ್ಷವಿದ್ದಾಗಿನ ಬೇಸಿಗೆ ರಜೆ. ಬರಗಾಲದಲ್ಲಿ ಪ್ರವಾದಿಗೆ ಕೊನೆಯ ಹಿಡಿ ಹಿಟ್ಟನ್ನೂ ಕೊಟ್ಟ ವಿಧವೆಯ ಕಥೆ ಓದಿದೆವು. ಅವಳ ಮಡಕೆ ಆಮೇಲೆ ಬರಿದಾಗಲೇ ಇಲ್ಲವಂತೆ. ನಾನು ಅದನ್ನು ಪೂರ್ತಿ ನಂಬಿದೆ. ಮಾರನೆಯ ದಿನ ಅಮ್ಮ ಹೊಲಕ್ಕೆ ಹೋಗಿದ್ದಾಗ, ಹಿಂದಿನ ಬೀದಿಯ ಮುನಿಯಮ್ಮ ಬಾಣಂತಿ ಮಗಳ ಗಂಜಿಗೆ ರಾಗಿ ಕೇಳಿಕೊಂಡು ಬಂದಳು. ಹಿಡಿ ಮಡಕೆ ಖಾಲಿಯಾಗಿತ್ತು. ಒಳಕೋಣೆಯಲ್ಲಿ ರಾಗಿ ತುಂಬಿದ್ದ ದೊಡ್ಡ ಮಣ್ಣಿನ ಗುಡಾಣವೊಂದಿತ್ತು. ಬಾಯಿಗೆ ಮೆತ್ತಿದ್ದ ಸಗಣಿ ಒಡೆದು ಒಂದು ಮೊರ ತುಂಬ ತಂದೆ.

"ಬೇವಿನ ಸೊಪ್ಪೈತಲ್ಲ ಕಣವ್ವಾ, ಇದು ಬಿತ್ತನೇದಲ್ವಾ?" ಎಂದಳು.

"ತೊಗೋ ಮುನಿಯಮ್ಮ, ಅದು ತಾನಾಗೇ ತುಂಬ್ಕೊಳುತ್ತೆ."

ಅವಳು ಹೊಲದ ದಾರಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಮಡಿಲು ಒಡ್ಡಿದಳು. ಹೀಗೆ ದಿನಾ ಒಂದು ಮೊರ. ನಾನು ದಿನವೂ ಬಗ್ಗಿ ನೋಡುತ್ತಿದ್ದೆ. ಕತ್ತಲಲ್ಲಿ ತಳ ಕಾಣದಿದ್ದುದೇ ನನಗೆ ಸಾಕ್ಷಿಯಾಯಿತು.

ಮೊದಲ ಮಳೆ ಬಿದ್ದ ಮೇಲೆ, ನಮ್ಮ ಹೊಲ ಉಳುತ್ತಿದ್ದ ಚಿಕ್ಕಪ್ಪ ಬಿತ್ತನೆ ರಾಗಿಗೆಂದು ಗುಡಾಣಕ್ಕೆ ಕೈ ಇಳಿಬಿಟ್ಟರು. ಕೈಗೆ ಬಂದದ್ದು ಹುಳುವಿಗೆಂದು ಬೆರೆಸಿದ್ದ ಬೂದಿ ಮತ್ತು ಬೇವಿನ ಸೊಪ್ಪು ಮಾತ್ರ. ನಾನು ನಡೆದದ್ದನ್ನು ಹೇಳಿದೆ.

"ಅತ್ಗೆ, ನಿಮ್ ಮಗ್ಳು ಬಿತ್ತನೇನೇ ದಾನ ಮಾಡ್ಬಿಟ್ಟವ್ಳೆ! ಕಾನ್ವೆಂಟಲ್ಲಿ ಇದೇನಾ ಕಲ್ಸೋದು?"

"ಕಾನ್ವೆಂಟಲ್ಲಲ್ಲ. ಈ ಜಗಲಿ ಮೇಲೆ ನಾನೇ ಕಲ್ಸಿದ್ದು."

"ಹಂಗಾದ್ರೆ ಹೋಗಿ ಉಳಿದಿರೋದ್ನ ವಾಪಸ್ ಇಸ್ಕೊಂಡ್ ಬರ್ಲಿ."

ನಾನು ಅಮ್ಮನ ಮುಖ ನೋಡಿದೆ. ಕಳಿಸಿಬಿಡುತ್ತಾಳಾ?

"ಇವ್ಳನ್ನ ವಾಪಸ್ ಕೇಳೋಕೆ ಕಳ್ಸಿ, ಸಂಜೆ ನಾನ್ಯಾವ ಬಾಯಲ್ಲಿ ಓದ್ಲಿ?" ಎಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿದಳು. "ಕೊಟ್ಟಿದ್ದು ತಪ್ಪಲ್ಲ ಕಣೇ. ತುಂಬ್ಕೊಳುತ್ತೆ ಅಂತ ಕೊಟ್ಯಲ್ಲ, ಅದು ತಪ್ಪು."

ಆ ಸಂಜೆ ಚಿಕ್ಕಪ್ಪ ಕಂಬಕ್ಕೆ ಒರಗಿ, "ಇವತ್ತಾದ್ರೂ ಬೇರೆ ಅಧ್ಯಾಯ ತೆಗೀರಿ," ಎಂದು ಕುಟುಕಿದರು. ಅಮ್ಮ ವಿಧವೆಯ ಕಥೆಯನ್ನೇ ತೆಗೆದಳು. ಮಡಕೆ ಬರಿದಾಗದ ವಚನ ನನ್ನ ಪಾಲಿಗೇ ಬಂತು. ಪಿಸುದನಿಯಲ್ಲಿ ಶುರುಮಾಡಿದೆ. "ಜೋರಾಗಿ ಓದು," ಎಂದಳು, "ನಿಮ್ಮ ಚಿಕ್ಕಪ್ಪಂಗೂ ಕೇಳ್ಸ್ಲಿ."

ಗುಡಾಣ ತುಂಬಲಿಲ್ಲ. ಊರಲ್ಲಿ ಎಲ್ಲರ ಮನೆಯಲ್ಲೂ ಅಷ್ಟಕ್ಕಷ್ಟೇ, ಬಿತ್ತನೆ ಎಲ್ಲೂ ಸಿಗಲಿಲ್ಲ. ತಡವಾಗಿ ಹುರುಳಿ ಚೆಲ್ಲಿದೆವು, ಮನೆಯಲ್ಲಿ ವರ್ಷವಿಡೀ ಹುರುಳಿಯೇ ಊಟ. ಮುನಿಯಮ್ಮನ ಮೊಮ್ಮಗಳು ಮಾತ್ರ ದುಂಡುದುಂಡಗಾದಳು. ಹಿಡಿ ಮಡಕೆಗೆ ಒಂದು ಸಂಜೆಯೂ ತಪ್ಪಲಿಲ್ಲ. ರಾಗಿಯ ಬದಲು ಹುರುಳಿ ಬಿತ್ತು, ಅಷ್ಟೇ.

ಅಮ್ಮ, ಚಿಕ್ಕಪ್ಪ, ಮುನಿಯಮ್ಮ, ಒಬ್ಬರೂ ಉಳಿದಿಲ್ಲ. ಡಬ್ಬಿಯಿಂದ ಮೊದಲ ಹಿಡಿಯನ್ನು ನಾನು ಇವತ್ತಿಗೂ ಬೇರೆ ಇಡುತ್ತೇನೆ. "ಬಿ ಪ್ರಾಕ್ಟಿಕಲ್, ಗ್ರ್ಯಾನಿ," ಎನ್ನುತ್ತಾಳೆ ಮೊಮ್ಮಗಳು. ಸಾರಿ ಡಾರ್ಲಿಂಗ್, ಆಗುವುದಿಲ್ಲ. ಸಂಧಿವಾತಕ್ಕೆ ಬೆರಳುಗಳು ಸೆಟೆದುಕೊಂಡಿವೆ. ಮುಷ್ಟಿ ಬಿಗಿ ಮಾಡು ಎಂದು ಯಾರು ಹೇಳಿದರೂ ಈ ಕೈ ಇನ್ನು ಕೇಳುವುದಿಲ್ಲ.