ದೊಡ್ಡಪ್ಪನ ಹೆಸರಿಲ್ಲದ ಪಟ್ಟಿ

ನಮ್ಮ ದೊಡ್ಡಪ್ಪ ಜವರಯ್ಯನವರಿಗೆ ಓಟಿನ ಹುಚ್ಚು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದವರು. ಬ್ರಿಟಿಷರ ಕಾಲದಲ್ಲಿ ಕೊಡಗಿನ ಕೌನ್ಸಿಲ್ಲಿಗೆ ಓಟು ಹಾಕಲು ಇಂತಿಷ್ಟು ಕಂದಾಯ ಕಟ್ಟಿರಬೇಕಿತ್ತು. ನಮ್ಮೂರಲ್ಲಿ ಅಂಥವರು ಮೂವರೇ, ಅವರಲ್ಲಿ ಇವರೊಬ್ಬರು. ಆ ಜಂಬ ಕೇಳಿ ಕೇಳಿ ನಮ್ಮ ಕಿವಿ ತೂತಾಗಿತ್ತು.

ಆಮೇಲೆ ಸ್ವಾತಂತ್ರ್ಯ ಬಂತು, ಕೊಡಗು ರಾಜ್ಯವಾಯಿತು, ಇಪ್ಪತ್ತೊಂದು ತುಂಬಿದವರಿಗೆಲ್ಲ ಓಟು ಸಿಕ್ಕಿತು. ಐವತ್ತೆರಡರ ಚುನಾವಣೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕೊಡಗು ಮೈಸೂರಿಗೆ ಸೇರಬೇಕೋ, ಬೇರೆಯಾಗೇ ಇರಬೇಕೋ? ಸೇರಲೇಬೇಕೆಂದು ದೊಡ್ಡಪ್ಪನ ಹಟ. ಅವರ ಅಕ್ಕನ ಮನೆ ಹೊಳೆಯಾಚೆ ಕೊಪ್ಪದಲ್ಲಿ, ಅಂದರೆ ಮೈಸೂರು ರಾಜ್ಯದಲ್ಲಿತ್ತು.

ಮತದಾರರ ಪಟ್ಟಿ ಬಂತು. ಗದ್ದೆಯ ಆಳು ಮಾರನ ಹೆಸರಿದೆ. ದೊಡ್ಡಮ್ಮ ಚಲುವಮ್ಮನ ಹೆಸರಿದೆ, ಅದೂ ‘ಸಣ್ಣಸ್ವಾಮಿ ಮಗಳು’ ಎಂದು. ದೊಡ್ಡಪ್ಪನ ಹೆಸರೇ ಇಲ್ಲ!

ಆದದ್ದಿಷ್ಟು. ಪಟ್ಟಿ ಬರೆಯುವವನು ಬಂದಾಗ ದೊಡ್ಡಪ್ಪ ಗದ್ದೆಯಲ್ಲಿದ್ದರು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಮ್ಮ ಹೆಂಗಸರು ಹೇಳುವುದಿಲ್ಲ. ದೊಡ್ಡಮ್ಮ ಬಾಯಿ ಬಿಡಲಿಲ್ಲ. ಆ ಪುಣ್ಯಾತ್ಮ ಅವರ ಅಪ್ಪನ ಹೆಸರು ಕೇಳಿ ಬರೆದುಕೊಂಡು ಹೊರಟುಹೋದ. ಪಕ್ಕದ ಮನೆಯಲ್ಲಿ ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಪಟ್ಟಿ ತಿದ್ದಿಸಲು ಅವರಿಬ್ಬರನ್ನೂ ಕಚೇರಿಗೆ ಕರೆದುಕೊಂಡು ಹೋದೆ. ದೊಡ್ಡಪ್ಪ ಕಂದಾಯದ ರಸೀದಿಗಳ ಕಟ್ಟನ್ನೇ ಮೇಜಿನ ಮೇಲಿಟ್ಟರು. ಗುಮಾಸ್ತ ಅದನ್ನು ಮುಟ್ಟಲೂ ಇಲ್ಲ.

“ಈಗ ಕಂದಾಯ ಯಾರು ಕೇಳ್ತಾರೆ? ನೀವು ಇಲ್ಲಿ ವಾಸವೋ, ಕೊಪ್ಪದಲ್ಲೋ? ನಿಮ್ಮ ಮನೆಯವರೇ ಸಾಕ್ಷಿ ಹೇಳ್ಲಿ. ಅಮ್ಮಾ, ಇವರು ಯಾರು?”

“ನಮ್ಮನೆಯವ್ರು.”

“ಹೆಸರು?”

ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡರು. ನಾನು ಹೇಳಹೋದರೆ ಗುಮಾಸ್ತ ನನ್ನನ್ನೇ ಗದರಿದ. ಸಾಕ್ಷಿ ನಾನಲ್ಲವಂತೆ!

“ಹೇಳೇ!” ದೊಡ್ಡಪ್ಪ ಕಿರುಚಿದರು.

“ನಿಮ್ಮ ಓಟು ಹಾಳಾಗ್ಲಿ. ನೀವು ಬದುಕಿದ್ರೆ ಸಾಕು ನಂಗೆ” ಎಂದು ದೊಡ್ಡಮ್ಮ ಅತ್ತೇಬಿಟ್ಟರು.

ಅರ್ಜಿ ವಜಾ ಆಯಿತು. ನನಗೆ ಮೂವರ ಮೇಲೂ ಮೈಯೆಲ್ಲ ಉರಿಯಿತು.

ಚುನಾವಣೆಯ ದಿನ ದೊಡ್ಡಪ್ಪ ದಾರಿಯುದ್ದಕ್ಕೂ ಹೆಂಡತಿಗೆ ಪಾಠ ಹೇಳಿದರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಯಾವುದಕ್ಕೆ ಹಾಕಬೇಕೆಂದು ಹತ್ತು ಸಲ ಹೇಳಿ, “ನೀನು ಹಾಕೋದು ನನ್ನ ಓಟು, ತಿಳೀತಾ?” ಎಂದರು. ದೊಡ್ಡಮ್ಮ ಒಳಗೆ ಹೋಗಿ ಐದು ನಿಮಿಷದಲ್ಲಿ ಹೊರಗೆ ಬಂದರು.

“ಹೇಳಿದ್ದಕ್ಕೇ ಹಾಕ್ದ್ಯಾ?”

“ಇಲ್ಲ. ಆ ಮೈಸೂರು ಸೀಮೇಲಿ ಹೊಟ್ಟೆಗಿಲ್ದೆ ಬಂದೋಳು ನಾನು. ಹೊಟ್ಟೆ ತುಂಬ ಉಂಡಿದ್ದು ಇಲ್ಲೇ. ಕೊಡಗು ಬೇರೇನೇ ಇರ್ಲಿ ಅಂತ ಹಾಕ್ದೆ.”

“ಇಷ್ಟು ದಿನ ಯಾಕೇ ಹೇಳ್ಲಿಲ್ಲ?”

“ನೀವು ಕೇಳಿದ್ರಾ?”

ಅವರು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.