ಆಚೆ ದಡದ ಮಾಸ್ತರರು

ಕಾಶಿಯ ದಶಾಶ್ವಮೇಧ ಘಾಟಿನ ಆಚೆ ದಡದಲ್ಲಿ ಕಾವಿ ಉಟ್ಟು, ಬೆಳಗಿನ ಮಂಜಿನಲ್ಲಿ ಕಂಡು ಮಾಯವಾಗುವ ಕನ್ನಡದ ಮಾಸ್ತರರ ಕತೆಯನ್ನು ನೀವು ಇಂಟರ್ನೆಟ್ಟಿನಲ್ಲಿ ನೋಡಿರಬಹುದು. ಅದು ಸುಳ್ಳು. ಆ ಸುಳ್ಳನ್ನು ಬರೆದವಳು ನಾನು.

ತೊಂಬತ್ತರ ದಶಕದ ಮೊದಲ ವರ್ಷಗಳು. ಜಂಗಮವಾಡಿಯ ಗಲ್ಲಿಯಲ್ಲಿ, ಕರ್ನಾಟಕದ ಯಾತ್ರಿಕರು ಇಳಿಯುತ್ತಿದ್ದ ಒಂದು ಛತ್ರದಲ್ಲಿ ಅಪ್ಪ ಅಡಿಗೆಯವನು. ಅವನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ನಾನು ಎಂ.ಎಸ್ಸಿ. ಓದುತ್ತಿದ್ದೆ — ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲ ಜೀವ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಒಲೆಯ ಹೊಗೆಯಲ್ಲಿ ಕೂತು ಓದಿ ಗಳಿಸಿದ್ದು. ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯಲ್ಲಿ ಹೊರಲೋಕಕ್ಕೆ ಪತ್ರ ಕಳಿಸಬಲ್ಲ ಯಂತ್ರ ಒಂದೇ ಇತ್ತು. ಟೆಲಿಫೋನ್ ಲೈನ್ ಸಿಕ್ಕಾಗ ನಾವು ಬರೆದದ್ದು ದಿಲ್ಲಿಗೆ, ಅಲ್ಲಿಂದ ದೇಶದಾಚೆಗೆ ಹೋಗುತ್ತಿತ್ತು. ಅದರ ಮುಂದೆ ಕೂರಲು ಅನುಮತಿ ಸಿಕ್ಕ ಹುಡುಗಿ ನಾನೊಬ್ಬಳೇ.

ಅದರಲ್ಲಿ ಚರ್ಚೆಯ ಗುಂಪುಗಳಿದ್ದವು. ಒಂದರಲ್ಲಿ ಜನ ಬಗೆಹರಿಯದ ವಿಚಿತ್ರಗಳನ್ನು ಬರೆಯುತ್ತಿದ್ದರು. ನನಗೂ ಬರೆಯಬೇಕೆನಿಸಿತು. ನನ್ನ ಬಳಿ ಏನಿತ್ತು? ಗಿರಿಜಕ್ಕನ ದುಃಖವಿತ್ತು.

ಗಿರಿಜಕ್ಕ ಗದಗಿನವರು. ಅವರ ಗಂಡ, ಶಾಲೆಯ ಮಾಸ್ತರರು, ಗ್ರಹಣದ ಸ್ನಾನಕ್ಕೆಂದು ಘಾಟಿನ ಮೆಟ್ಟಿಲಿಳಿದವರು ಮೇಲೆ ಬರಲಿಲ್ಲ. ದೇಹವೂ ಸಿಗಲಿಲ್ಲ. ಆಕೆ ಪ್ರತಿ ವರ್ಷ ನಮ್ಮ ಛತ್ರಕ್ಕೆ ಬಂದು ವಾರವಿಡೀ ಹುಡುಕುತ್ತಿದ್ದರು. ಗಲ್ಲಿಯ ಮಕ್ಕಳೆಲ್ಲ ಹಿಂದಿಗೆ ಹೊರಳಿದ್ದಾಗ ನನಗೆ ಕನ್ನಡ ಅಕ್ಷರ ತಿದ್ದಿಸಿದವರು ಅವರೇ.

ನಡೆದಷ್ಟನ್ನೇ ಬರೆದರೆ ಯಾರು ಓದುತ್ತಾರೆ — ಎಂದುಕೊಂಡೆ. ಒಬ್ಬ ಅಂಬಿಗನನ್ನು ಸೇರಿಸಿದೆ. ಅವನಿಗೆ ದಿನಾ ಬೆಳಿಗ್ಗೆ ಆಚೆ ದಡದ ಮರಳಿನಲ್ಲಿ ಮಾಸ್ತರರು ಕಾಣುತ್ತಾರೆ, ದೋಣಿ ಹತ್ತಿರ ಹೋದರೆ ಇರುವುದಿಲ್ಲ, ಎಂದು. ಉತ್ತರಗಳು ಬಂದವು. ಒಬ್ಬ ತನ್ನ ಮಾವನೂ ನೋಡಿದ್ದಾನೆ ಎಂದ. ಇನ್ನೊಬ್ಬ ಹರಿದ್ವಾರದಲ್ಲಿ ಅದೇ ಮನುಷ್ಯನನ್ನು ಕಂಡೆ ಎಂದ. ಯಾರೋ ಬೇರೆ ಗುಂಪಿಗೆ ದಾಟಿಸಿದರು. ದಾಟುವಾಗ ನನ್ನ ಹೆಸರು ಉದುರಿತು, ಹರಿದ್ವಾರ ಒಳಗೆ ಸೇರಿತು. ನಾನು ಖುಷಿಪಟ್ಟೆ. ಅದನ್ನೂ ಹೇಳಬೇಕು — ಬಹಳ ಖುಷಿಪಟ್ಟೆ.

ಮರುವರ್ಷಕ್ಕೆ ಮಾಸ್ತರರು ಕಾಣೆಯಾಗಿ ಹನ್ನೆರಡು ವರ್ಷ ತುಂಬಿತು. ಹನ್ನೆರಡು ವರ್ಷ ಸುದ್ದಿಯಿಲ್ಲದವರಿಗೆ ದರ್ಭೆಯಲ್ಲಿ ಆಕೃತಿ ಮಾಡಿ, ಅದನ್ನೇ ದೇಹವೆಂದು ಸುಟ್ಟು, ಕರ್ಮ ಮುಗಿಸುವ ಪದ್ಧತಿಯಿದೆ. ಗಿರಿಜಕ್ಕ ಮೈದುನನ ಜೊತೆ ಅದಕ್ಕೇ ಬಂದಿದ್ದರು. "ಇನ್ನ ಸಾಕವ್ವಾ, ಕಳಿಸಿಕೊಡ್ತೀನಿ ಅವರನ್ನ," ಅಂದಿದ್ದರು. ಆದರೆ ಅವರ ಚೀಲದಲ್ಲಿ ಒಂದು ಇಂಗ್ಲಿಷ್ ಕಾಗದವಿತ್ತು. ಊರಿನ ಯಾರದೋ ಮಗ ಅಮೇರಿಕದಲ್ಲಿ ಕಂಪ್ಯೂಟರಿನಿಂದ ಅಚ್ಚು ತೆಗೆದು, ನಿಮ್ಮವರದೇ ಸುದ್ದಿ ಇರಬೇಕು ಎಂದು ಕಳಿಸಿದ್ದು.

ಪುರೋಹಿತರು ಘಾಟಿನಲ್ಲಿ ಕಾಯುತ್ತಿದ್ದ ಬೆಳಿಗ್ಗೆ, ಆಕೆ ಅಡಿಗೆಮನೆಗೆ ಬಂದು ಅದನ್ನು ಚಾಚಿದರು.

"ಮಗಳ ಕೈಯಾಗ ಕೊಡ್ರಿ ಅಕ್ಕಾರ, ಅಮೇರಿಕದ ಇಂಗ್ಲಿಷೂ ಬರ್ತದ ಆಕಿಗೆ," ಅಂದ ಅಪ್ಪ. "ಓದಿ ಹೇಳು, ಬಿಟಿಯಾ."

ನನ್ನದೇ ವಾಕ್ಯಗಳು. ಅವನ್ನು ಕನ್ನಡಕ್ಕೆ ತಿರುಗಿಸಿ ಓದಿದೆ — ಅಂಬಿಗ, ಮರಳು, ಕಾವಿ, ಹರಿದ್ವಾರ.

ಬಾಗಿಲಲ್ಲಿ ನಿಂತಿದ್ದ ಮೈದುನ, "ಅಮೇರಿಕದಾಗ ಕುಂತವಗ ಅಣ್ಣಾರು ಕಂಡ್ರು, ಹನ್ನೆರಡು ವರ್ಷ ಇಲ್ಲೇ ಅಲದಾಡಿದ ನಿಮಗ ಕಾಣಲಿಲ್ಲೇನ್ ವೈನಿ? ನಡೀರಿ, ಭಟ್ಟರು ಕಾಯಾಕತ್ಯಾರ," ಅಂದ.

ಗಿರಿಜಕ್ಕ ನನ್ನನ್ನೇ ನೋಡಿದರು. "ನೀ ಹೇಳವ್ವಾ. ನೀ ಓದಿದಾಕಿ. ಇದು ಖರೇನ?"

ಆಗ ಹೇಳಬಹುದಿತ್ತು. ಹೇಳಿದ್ದರೆ ಯಂತ್ರದ ಮುಂದಿನ ಆ ಕುರ್ಚಿ ಕೈತಪ್ಪುತ್ತಿತ್ತು — ಅಪ್ಪನ ಮುಖ ಬೇರೆ ಎದುರಿಗೇ ಇತ್ತು... ಇದು ಸಮಜಾಯಿಷಿ ಅಲ್ಲ. ಆ ಗಳಿಗೆಯಲ್ಲಿ ನಾನು ನೆನೆದದ್ದು ನನ್ನನ್ನು ಮಾತ್ರ.

"ಖರೇ ಇರಬೇಕ್ರಿ ಅಕ್ಕ," ಅಂದೆ. "ಅಷ್ಟು ಮಂದಿ ಬರದಾರ."

ಆಕೆ ಹಣೆಯ ಕುಂಕುಮವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಕರ್ಮ ನಡೆಯಲಿಲ್ಲ. ಅಂದೇ ಹರಿದ್ವಾರದ ರೈಲು ಹತ್ತಿದರು. ಮುಂದೆ ಋಷಿಕೇಶ, ಆಮೇಲೆ ಯಾರು ಯಾವ ಊರು ಹೇಳಿದರೆ ಆ ಊರು. ಮೈದುನ ಜೊತೆಗೆ ಬರುವುದನ್ನು ಬಿಟ್ಟ. ಕತೆ ಬೆಳೆದಂತೆ ಆಕೆಯ ದಾರಿಯೂ ಬೆಳೆಯಿತು. ನಾನು ಓದು ಮುಗಿಸಿ ನೌಕರಿ ಹಿಡಿದೆ, ಸುಮ್ಮನಿದ್ದೆ.

ಈಗ ಆ ಕತೆಗೆ ವಿಡಿಯೊಗಳಿವೆ, ಹಿನ್ನೆಲೆಗೆ ಕೊಳಲಿದೆ. ಒಂದರ ಕೆಳಗೆ, ಇದನ್ನು ಕಟ್ಟಿದವಳು ನಾನೇ ಎಂದು ಬರೆದೆ. ಹೀಗೆ ಹೇಳಿಕೊಂಡವರು ಬಹಳ ಮಂದಿ ಬಂದು ಹೋದರು ಎಂದು ಒಬ್ಬ ನಕ್ಕ. ಸತ್ಯ ಮುಚ್ಚಿಹಾಕಲು ಎಷ್ಟು ಕೊಟ್ಟರು ಎಂದು ಇನ್ನೊಬ್ಬ ಕೇಳಿದ.

ಕಳೆದ ಚಳಿಗಾಲ ಗದಗಿಗೆ ಹೋದೆ. ಗಿರಿಜಕ್ಕನಿಗೆ ಎಂಬತ್ತು ದಾಟಿದೆ, ಕಾಲು ಬಿದ್ದಿದೆ, ನೆನಪು ಚೆನ್ನಾಗಿದೆ. ಒಂದೂ ಬಿಡದೆ ಹೇಳಿದೆ. ಆಕೆ ಪೂರ್ತಿ ಕೇಳಿ ನನ್ನ ತಲೆ ಸವರಿದರು.

"ಯಾರು ಹೆದರಿಸ್ಯಾರವ್ವಾ ನಿನಗ, ಹಿಂಗ ಹೇಳು ಅಂತ?"

ಯಾರೂ ಇಲ್ಲ, ಬರೆದವಳು ನಾನೇ, ಎಂದು ಮತ್ತೊಮ್ಮೆ ಹೇಳಿದೆ.

"ಆತು ಬಿಡು, ಅಂಜಬ್ಯಾಡ, ನಾ ಯಾರ ಮುಂದೂ ಅನ್ನೂದಿಲ್ಲ," ಅಂದರು. ಆಮೇಲೆ ಹತ್ತಿರ ಸರಿದು, ದನಿ ಇಳಿಸಿ — "ಈಗ ಎಲ್ಲಿ ಅದಾರಂತ?"

"ತೀರಿಕೊಂಡಾರ್ರಿ ಅಕ್ಕ," ಅಂದೆ.

ಮೂವತ್ತು ವರ್ಷಗಳ ಹಿಂದೆ, ಇದೇ ಮಾತನ್ನು ಒಪ್ಪಿಕೊಳ್ಳಲು ಆಕೆ ತಾವಾಗಿಯೇ ಕಾಶಿಯವರೆಗೆ ಬಂದಿದ್ದರು. ಈಗ ನನ್ನ ಬಾಯಿಂದ ಅದನ್ನು ಅವರು ನಂಬಲಿಲ್ಲ.